ಓಮ್ರಾನ್ ಬಿಪಿ ಮೆಷಿನ್: ಕೊಳ್ಳಿ, ಆದರೆ ತೋಳಿನ ಅಳತೆ ತೆಗೆದುಕೊಂಡು ಅಂಗಡಿಗೆ ಹೋಗಿ

ಮನೆಯಲ್ಲಿ ಒಂದು ಬಿಪಿ ಮೆಷಿನ್ ಬೇಕಾ ಅಂತ ಯಾರಾದರೂ ಕೇಳಿದರೆ ನಾನು ಹಿಂದೆಮುಂದೆ ನೋಡದೆ ಹೌದು ಅನ್ನುತ್ತೇನೆ. ಬಿಪಿ ಮಾತ್ರೆ ತೆಗೆದುಕೊಳ್ಳುವವರು, ಹೃದಯದ ರಕ್ತನಾಳ ತೆರೆದಿಡುವ ಸ್ಟೆಂಟ್ ಹಾಕಿಸಿಕೊಂಡವರು, ಸಕ್ಕರೆ ಕಾಯಿಲೆ ಇರುವವರು ಮನೆಯಲ್ಲಿದ್ದರಂತೂ ಎರಡು ಮಾತಿಲ್ಲ. ಆದರೆ ತಂದು, ಡಬ್ಬಿ ಬಿಚ್ಚಿ, ಗುಂಡಿ ಒತ್ತಿದರೆ ಮುಗಿಯಿತು ಅನ್ನುವ ವಸ್ತು ಇದಲ್ಲ. ಪಟ್ಟಿ ತೋಳಿಗೆ ಸರಿಹೊಂದದಿದ್ದರೆ, ಸರಿಯಾಗಿ ಕೂರದಿದ್ದರೆ ಸುಳ್ಳು ನಂಬರ್ ಬರುತ್ತದೆ. ಆ ಸುಳ್ಳು ನಂಬರ್ ನಂಬಿ ಮಾತ್ರೆ ಹೆಚ್ಚುಕಡಿಮೆ ಮಾಡಿಕೊಳ್ಳುವುದಾದರೆ ಮೆಷಿನ್ ಇಲ್ಲದಿರುವುದೇ ವಾಸಿ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ನಮ್ಮೂರು ಮಲೆನಾಡಿನ ಸಾಗರ. ಅಪ್ಪನಿಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಇದೆ, ಅಮ್ಮನಿಗೆ ಬಿಪಿ ಇದೆ. ನಾನು ಡಾಕ್ಟರ್ ಅಲ್ಲ, ಇವರಿಬ್ಬರನ್ನು ನೋಡಿಕೊಳ್ಳುವ ಮಗಳು. ವರ್ಷಗಟ್ಟಲೆ ಇದನ್ನು ಬಳಸಿ, ಡಾಕ್ಟರ್ ಹತ್ತಿರ ಕೇಳಿ ಕೇಳಿ ತಿಳಿದುಕೊಂಡಿದ್ದನ್ನು ಹೇಳುತ್ತೇನೆ.

ನಾವು ತೆಗೆದುಕೊಂಡಿದ್ದು ಓಮ್ರಾನ್ ಎಚ್‌ಇಎಂ 7120. ತೋಳಿಗೆ ಸುತ್ತುವ ಪಟ್ಟಿ, ಅದಕ್ಕೊಂದು ರಬ್ಬರ್ ಕೊಳವೆ, ಮುಂದೆ ದೊಡ್ಡ ಗುಂಡಿ. ಒತ್ತಿದರೆ ತಾನೇ ಗಾಳಿ ತುಂಬಿಕೊಂಡು ತಾನೇ ಬಿಡುತ್ತದೆ. ಮೇಲಿನ ನಂಬರ್, ಕೆಳಗಿನ ನಂಬರ್, ನಾಡಿ ಬಡಿತ, ಮೂರೂ ದಪ್ಪ ಅಕ್ಷರದಲ್ಲಿ ಬರುತ್ತವೆ. ಕನ್ನಡಕ ಹುಡುಕದೆ ಅಪ್ಪನೇ ಓದಿಕೊಳ್ಳುತ್ತಾರೆ, ಅದು ನನಗೆ ತುಂಬ ಇಷ್ಟವಾದ ಸಂಗತಿ. ನಾಲ್ಕು ಪೆನ್ಸಿಲ್ ಸೆಲ್ ಹಾಕಬೇಕು. ಅಡಾಪ್ಟರ್ ಬೇಕಾದರೆ ಬೇರೆ ಕೊಳ್ಳಬೇಕು. ನಾವು ಕೊಂಡಾಗ ಬೆಲೆ ಎರಡು ಸಾವಿರದ ಆಸುಪಾಸಿನಲ್ಲಿತ್ತು. ಅಂಗಡಿಗೂ ಆನ್‌ಲೈನಿಗೂ ಸ್ವಲ್ಪ ವ್ಯತ್ಯಾಸ ಇರುತ್ತದೆ, ವಿಚಾರಿಸಿ.

ಈ ಮಾದರಿ ಕೊನೆಯ ರೀಡಿಂಗ್ ಒಂದನ್ನೇ ನೆನಪಿಟ್ಟುಕೊಳ್ಳುತ್ತದೆ. ಜಾಸ್ತಿ ದುಡ್ಡು ಕೊಟ್ಟರೆ ಹತ್ತಾರು ರೀಡಿಂಗ್ ಉಳಿಸಿಕೊಳ್ಳುವ ಮಾದರಿಗಳಿವೆ, ಬ್ಲೂಟೂತ್‌ನಲ್ಲಿ ಮೊಬೈಲಿಗೆ ಕಳಿಸುವವೂ ಇವೆ. ಮಕ್ಕಳು ಬೆಂಗಳೂರಲ್ಲೋ ಹೊರದೇಶದಲ್ಲೋ ಇದ್ದು ಅಪ್ಪ ಅಮ್ಮ ಊರಲ್ಲಿ ಇಬ್ಬರೇ ಇದ್ದರೆ ಅಂಥದ್ದು ಉಪಯೋಗಕ್ಕೆ ಬರಬಹುದು. ನಮಗೆ ಇದೇ ಸಾಕು. ಒಂದೇ ಮೆಷಿನ್ ಇಬ್ಬರು ಬಳಸುವಾಗ ಯಾರ ರೀಡಿಂಗ್ ಯಾರದ್ದು ಅನ್ನುವ ಗೊಂದಲ ನೋಟ್‌ಬುಕ್ಕಿನಲ್ಲಿ ಇರುವುದಿಲ್ಲ, ಡಾಕ್ಟರ್ ಕೂಡ ಮೆಷಿನ್ನಿನ ಗುಂಡಿ ಒತ್ತುತ್ತಾ ಕೂರುವುದಿಲ್ಲ, ಪುಸ್ತಕ ತೆರೆದು ಒಂದು ಸಲ ಕಣ್ಣಾಡಿಸುತ್ತಾರೆ, ಅವರಿಗೆ ಬೇಕಾದ್ದು ಸಿಕ್ಕಿಬಿಡುತ್ತದೆ.

ಕೆಲಸ ಮಾಡುವ ರೀತಿ ಗೊತ್ತಿದ್ದರೆ ಇದು ಎಲ್ಲಿ ತಪ್ಪುತ್ತದೆ ಅನ್ನುವುದೂ ಗೊತ್ತಾಗುತ್ತದೆ. ಹಳೇ ಕಾಲದಿಂದ ಡಾಕ್ಟರು ಪಾದರಸದ ಮೆಷಿನ್ ಇಟ್ಟುಕೊಂಡು, ಸ್ಟೆತಾಸ್ಕೋಪ್ ಒತ್ತಿ ಹಿಡಿದು ಸದ್ದು ಕೇಳುತ್ತಿದ್ದರಲ್ಲ, ಆ ಪದ್ಧತಿ ತೋರಿಸಿಕೊಟ್ಟವರು ರಷ್ಯಾದ ಡಾಕ್ಟರ್ ಕೊರೊಟ್ಕೊವ್, 1905ರಲ್ಲಿ. ನಮ್ಮ ಮನೆ ಮೆಷಿನ್ ಸದ್ದು ಕೇಳಿಸಿಕೊಳ್ಳುವುದಿಲ್ಲ. ಪಟ್ಟಿಯ ಗಾಳಿ ಇಳಿಯುತ್ತಾ ಏರುತ್ತಾ ಇರುವಾಗ ತೋಳಿನ ರಕ್ತನಾಳ ಬಡಿದುಕೊಳ್ಳುವ ಸಣ್ಣ ಅದುರನ್ನು ಹಿಡಿದು, ಅದರಿಂದ ಲೆಕ್ಕ ಹಾಕಿ ಎರಡು ನಂಬರ್ ಕೊಡುತ್ತದೆ. ಅದುರು ನೋಡಿ ಲೆಕ್ಕ ಹಾಕುವುದರಿಂದಲೇ ನಾವು ಕೈ ಅಲ್ಲಾಡಿಸಿದರೆ, ಮಾತಾಡಿದರೆ, ಬಡಿತವೇ ಏರುಪೇರಾಗಿದ್ದರೆ ಲೆಕ್ಕ ತಪ್ಪುತ್ತದೆ.

ಇದಕ್ಕೂ ಮೊದಲು ಮನೆಗೆ ಬಂದಿದ್ದು ಮಣಿಕಟ್ಟಿಗೆ ಕಟ್ಟುವ ಒಂದು ಮೆಷಿನ್, ಆನ್‌ಲೈನಲ್ಲಿ ತರಿಸಿದ್ದು, ಕಂಪನಿ ಹೆಸರು ಬೇಡ. ನೋಡುವುದಕ್ಕೆ ಚಂದ, ಬ್ಯಾಗಲ್ಲಿ ಹಿಡಿಯುತ್ತದೆ. ಆದರೆ ಕೈ ಸ್ವಲ್ಪ ಕೆಳಗಿದ್ದರೆ ಒಂದು ನಂಬರ್, ಸ್ವಲ್ಪ ಮೇಲಿದ್ದರೆ ಇನ್ನೊಂದು. ಅಮ್ಮ ಅದನ್ನು ನೋಡಿ ನೋಡಿ ಹೆದರಿಕೊಂಡರು. ಮಣಿಕಟ್ಟಿನ ಮೆಷಿನ್ ಯಾವುದೇ ಇರಲಿ, ಕೈಯನ್ನು ಸರಿಯಾಗಿ ಎದೆಯ ಮಟ್ಟಕ್ಕೆ ಹಿಡಿದರೆ ಮಾತ್ರ ಸರಿ ತೋರಿಸುತ್ತದೆ. ವಯಸ್ಸಾದವರಿಗೆ ಅಷ್ಟು ಹೊತ್ತು ಹಾಗೆ ಹಿಡಿಯುವುದು ಕಷ್ಟ. ತೋಳಿಗೆ ಪಟ್ಟಿ ಸುತ್ತಲಾಗದಷ್ಟು ದಪ್ಪ ಇರುವವರಿಗೆ ಡಾಕ್ಟರೇ ಹೇಳಿದರೆ ಬೇರೆ ಮಾತು, ಉಳಿದವರು ತೋಳಿನದ್ದನ್ನೇ ಕೊಳ್ಳಿ. ಪಟ್ಟಿಯೇ ಇಲ್ಲದೆ ಬಿಪಿ ಹೇಳುವ ಸ್ಮಾರ್ಟ್ ವಾಚು, ಬೆರಳು ಇಟ್ಟರೆ ಬಿಪಿ ಹೇಳುವ ಆ್ಯಪು, ಇವನ್ನು ನೋಡಿ ಮಾತ್ರೆಯ ನಿರ್ಧಾರ ಮಾಡುವುದು ಸದ್ಯಕ್ಕಂತೂ ಬೇಡವೇ ಬೇಡ.

ಈಗ ಪಟ್ಟಿಯ ವಿಷಯ. ಇದನ್ನು ಅಂಗಡಿಯವರು ಹೇಳುವುದೇ ಇಲ್ಲ. ನಮ್ಮ ಮೆಷಿನ್ ಜೊತೆ ಬಂದ ಪಟ್ಟಿ 22ರಿಂದ 32 ಸೆಂಟಿಮೀಟರ್ ಸುತ್ತಳತೆಯ ತೋಳಿಗೆ. ಅಪ್ಪ ತೆಳ್ಳಗಿನವರು, ಅವರಿಗೆ ಸರಿಯಾಗಿ ಕೂತಿತು. ಅಮ್ಮನ ತೋಳು 32 ದಾಟುತ್ತದೆ. ದಪ್ಪ ತೋಳಿಗೆ ಸಣ್ಣ ಪಟ್ಟಿ ಕಟ್ಟಿದರೆ ಬಿಪಿ ಇರುವುದಕ್ಕಿಂತ ಜಾಸ್ತಿ ತೋರಿಸುತ್ತದೆ, ಸಣ್ಣ ತೋಳಿಗೆ ದೊಡ್ಡ ಪಟ್ಟಿ ಕಟ್ಟಿದರೆ ಕಡಿಮೆ. ಒಂದೆರಡು ಪಾಯಿಂಟ್ ಅಲ್ಲ, ಮಾತ್ರೆ ಬದಲಾಯಿಸುವಷ್ಟು ವ್ಯತ್ಯಾಸ ಬರಬಹುದು. ಅದಕ್ಕೆ ಅಮ್ಮನಿಗಂತಲೇ ದೊಡ್ಡ ಪಟ್ಟಿ ಬೇರೆ ತರಿಸಿದೆವು. ಅದೇ ಕಂಪನಿಯ, ಅದೇ ಮಾದರಿಗೆ ಹೊಂದುವ ಪಟ್ಟಿಯೇ ಆಗಬೇಕು, ಬೇರೆಯದನ್ನು ಸಿಕ್ಕಿಸಿದರೆ ಲೆಕ್ಕ ಕೆಡುತ್ತದೆ. ಭುಜದ ಮೂಳೆಗೂ ಮೊಣಕೈಗೂ ನಡುವೆ ಟೇಪ್ ಹಿಡಿದು ಸುತ್ತಳತೆ ತೆಗೆದುಕೊಳ್ಳಿ. ಟೇಪ್ ಇಲ್ಲದಿದ್ದರೆ ದಾರ ಸುತ್ತಿ ಸ್ಕೇಲ್ ಮೇಲೆ ಇಡಿ. ಆ ಅಳತೆ ಬರೆದುಕೊಂಡೇ ಅಂಗಡಿಗೆ ಹೋಗಿ.

ಪಟ್ಟಿ ಕಟ್ಟುವಾಗ ಅದರ ಕೆಳಗಿನ ಅಂಚು ಮೊಣಕೈ ಮಡಿಕೆಗಿಂತ ಒಂದೆರಡು ಸೆಂಟಿಮೀಟರ್ ಮೇಲಿರಬೇಕು. ಕೊಳವೆ ತೋಳಿನ ಒಳಭಾಗದಲ್ಲಿ, ನಡುಬೆರಳಿನ ನೇರಕ್ಕೆ ಬರಬೇಕು. ಬರಿ ಚರ್ಮದ ಮೇಲೆ ಕಟ್ಟಬೇಕು. ಸ್ವೆಟರ್ ಮೇಲೆ ಬೇಡ, ತೋಳು ಮಡಚಿ ಮೇಲಕ್ಕೆ ಬಿಗಿಯಾಗಿ ಸರಿಸಿದ ಅಂಗಿಯೂ ಬೇಡ.

ಇನ್ನು ಕೂರುವ ಬಗೆ. ಇಲ್ಲೇ ಹತ್ತರಲ್ಲಿ ಒಂಬತ್ತು ಮನೆಗಳಲ್ಲಿ ತಪ್ಪಾಗುತ್ತದೆ ಅನ್ನಿಸುತ್ತದೆ ನನಗೆ. ಮೆಟ್ಟಿಲು ಹತ್ತಿ ಬಂದ ತಕ್ಷಣ, ಸೋಫಾದಲ್ಲಿ ಕಾಲ ಮೇಲೆ ಕಾಲು ಹಾಕಿ, ಟಿವಿ ನೋಡುತ್ತಾ, ಪಕ್ಕದವರ ಹತ್ತಿರ ಮಾತಾಡುತ್ತಾ ಬಿಪಿ ನೋಡಿಕೊಳ್ಳುವವರನ್ನು ಎಷ್ಟು ಜನರನ್ನು ನೋಡಿಲ್ಲ! ಒಂದೊಂದೂ ನಂಬರನ್ನು ಮೇಲಕ್ಕೇರಿಸುತ್ತದೆ. ನೋಡುವ ಅರ್ಧ ಗಂಟೆ ಮೊದಲು ಕಾಫಿ ಬೇಡ, ಬೀಡಿ ಸಿಗರೇಟು ಬೇಡ, ನಮ್ಮ ಕಡೆಯವರಿಗೆ ಇನ್ನೊಂದು ಮಾತು, ಕವಳ ಅಂದರೆ ಎಲೆಅಡಿಕೆ ಬೇಡ, ಅದರಲ್ಲೂ ಹೊಗೆಸೊಪ್ಪು ಹಾಕಿದ ಕವಳ ಬೇಡವೇ ಬೇಡ. ಮೂತ್ರಕ್ಕೆ ಹೋಗಿ ಬಂದು ಕೂರಿ. ಬೆನ್ನಿಗೆ ಆಸರೆ ಇರುವ ಕುರ್ಚಿ, ಎರಡೂ ಪಾದ ನೆಲದ ಮೇಲೆ. ಐದು ನಿಮಿಷ ಸುಮ್ನೆ ಕೂತಿರಬೇಕು. ಕೈ ಮೇಜಿನ ಮೇಲೆ, ಪಟ್ಟಿ ಎದೆಯ ಮಟ್ಟಕ್ಕೆ. ಮೇಜು ತಗ್ಗಿದ್ದರೆ ದಿಂಬು ಇಟ್ಟುಕೊಳ್ಳಿ.

ಕೈ ಎಲ್ಲಿಟ್ಟರೇನು ಅಂತ ಅಪ್ಪ ವಾದ ಮಾಡುತ್ತಿದ್ದರು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್‌ನವರು 2024ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ. ಕೈ ತೊಡೆಯ ಮೇಲಿದ್ದರೆ ಮೇಲಿನ ನಂಬರ್ ಸುಮಾರು 4 ಪಾಯಿಂಟ್ ಜಾಸ್ತಿ, ಪಕ್ಕಕ್ಕೆ ಇಳಿಬಿಟ್ಟಿದ್ದರೆ ಆರೂವರೆ ಪಾಯಿಂಟಿನಷ್ಟು ಜಾಸ್ತಿ. ಇದನ್ನು ಹೇಳಿದ ಮೇಲೆ ಅಪ್ಪ ತಾವೇ ದಿಂಬು ತಂದು ಇಟ್ಟುಕೊಳ್ಳುತ್ತಾರೆ.

ಮೊದಲ ಸಲ ಎರಡೂ ತೋಳಿನಲ್ಲಿ ನೋಡಿ. ಯಾವ ತೋಳಿನಲ್ಲಿ ಜಾಸ್ತಿ ಬರುತ್ತದೋ ಮುಂದೆ ಯಾವಾಗಲೂ ಅದರಲ್ಲೇ. ಎರಡರ ನಡುವೆ ಪದೇ ಪದೇ ಹದಿನೈದಕ್ಕಿಂತ ಹೆಚ್ಚು ವ್ಯತ್ಯಾಸ ಬಂದರೆ ಡಾಕ್ಟರಿಗೆ ಹೇಳಬೇಕು, ಒಂದು ಕಡೆಯ ರಕ್ತನಾಳ ಕಿರಿದಾಗಿರುವ ಸೂಚನೆ ಅದು ಆಗಿರಬಹುದು.

ಇಷ್ಟೆಲ್ಲ ತಲೆ ಕೆಡಿಸಿಕೊಳ್ಳಬೇಕಾ ಅಂತ ಕೇಳುವವರಿಗೆ ಬಿಪಿ ಹೃದಯಕ್ಕೆ ಏನು ಮಾಡುತ್ತದೆ ಅನ್ನುವುದನ್ನು ಹೇಳಲೇಬೇಕು. ತಗ್ಗಿನ ಹೊಳೆಯಿಂದ ಗುಡ್ಡದ ಮೇಲಿನ ಅಡಿಕೆ ತೋಟಕ್ಕೆ ನೀರೆತ್ತುವ ಪಂಪ್ ನೋಡಿದ್ದೀರಲ್ಲ, ಏರು ಹೆಚ್ಚಿದಷ್ಟೂ ಮೋಟಾರಿಗೆ ಭಾರ. ಬಿಪಿ ಜಾಸ್ತಿ ಇದ್ದವರ ಹೃದಯದ ಪಾಡೂ ಅದೇ. ಎಡಗಡೆಯ ಕೋಣೆ ಹಗಲೂ ರಾತ್ರಿ ಜೋರಾಗಿ ತಳ್ಳಿ ತಳ್ಳಿ ಅದರ ಗೋಡೆ ದಪ್ಪಗಾಗುತ್ತದೆ, ಗಡುಸಾಗುತ್ತದೆ. ವರ್ಷಗಳು ಕಳೆದ ಮೇಲೆ ಸೋಲುತ್ತದೆ. ಆಗಲೇ ನಾಲ್ಕು ಹೆಜ್ಜೆಗೆ ಉಬ್ಬಸ, ಕಾಲು ಊತ, ಮಲಗಿದರೆ ಉಸಿರು ಕಟ್ಟುವುದು. ಹಾರ್ಟ್ ಫೇಲ್ಯೂರ್ ಅಂದರೆ ಹೃದಯ ನಿಂತುಹೋಯಿತು ಅಂತಲ್ಲ, ಬೇಕಾದಷ್ಟು ರಕ್ತ ತಳ್ಳಲು ಅದಕ್ಕೆ ಆಗುತ್ತಿಲ್ಲ ಅಂತ. ಅದೇ ಒತ್ತಡ ರಕ್ತನಾಳದ ಒಳಗೋಡೆಯನ್ನೂ ಹಾಳು ಮಾಡುತ್ತದೆ. ಅಲ್ಲಿ ಕೊಬ್ಬು ಸೇರಿಕೊಂಡು ದಾರಿ ಕಿರಿದಾಗುತ್ತದೆ, ಒಂದು ದಿನ ಆ ಕೊಬ್ಬಿನ ಗಡ್ಡೆ ಒಡೆದು ಅದರ ಮೇಲೆ ರಕ್ತ ಹೆಪ್ಪುಗಟ್ಟಿದರೆ ಹಾರ್ಟ್ ಅಟ್ಯಾಕ್. ಮೆದುಳಿನಲ್ಲಾದರೆ ಸ್ಟ್ರೋಕ್. ಕಿಡ್ನಿಗೂ ಪೆಟ್ಟು. ಇಷ್ಟೂ ಆಗುವವರೆಗೆ ಎಷ್ಟೋ ಜನರಿಗೆ ತಲೆನೋವೂ ಬರುವುದಿಲ್ಲ. "ನಂಗೇನೂ ಆಗ್ತಿಲ್ಲ, ಬಿಪಿ ಎಲ್ಲಿಂದ ಬಂತು" ಅನ್ನುವವರಿಗೇ ಈ ಮೆಷಿನ್ ಹೆಚ್ಚು ಬೇಕು.

ಇನ್ನು ನಂಬರ್ ಓದುವುದು. ಒಂದು ರೀಡಿಂಗಿಗೆ ಬೆಲೆ ಇಲ್ಲ. ನಮ್ಮ ಡಾಕ್ಟರ್ ಹೇಳಿಕೊಟ್ಟ ಕ್ರಮ ಹೀಗೆ: ತಪಾಸಣೆಗೆ ಹೋಗುವ ಮೊದಲು ಒಂದು ವಾರ, ಬೆಳಿಗ್ಗೆ ಮಾತ್ರೆ, ತಿಂಡಿಗೆ ಮುಂಚೆ ಎರಡು ಸಲ, ಸಂಜೆ ಎರಡು ಸಲ, ನಡುವೆ ಒಂದು ನಿಮಿಷ ಬಿಟ್ಟು. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಬೇಕು. ಆಸ್ಪತ್ರೆಯಲ್ಲಿ 140/90 ಮುಟ್ಟಿದರೆ ಬಿಪಿ ಅನ್ನುತ್ತಾರಲ್ಲ, ಮನೆಯ ಸರಾಸರಿಗೆ ಆ ಗೆರೆ 135/85. ಕೆಲವು ಡಾಕ್ಟರು ಇನ್ನೂ ಕೆಳಗೆ, 130/80ಕ್ಕೇ ಗೆರೆ ಎಳೆಯುತ್ತಾರೆ. ನಿಮ್ಮ ವಯಸ್ಸು, ಸಕ್ಕರೆ, ಕಿಡ್ನಿ ನೋಡಿ ನಿಮಗೆಷ್ಟು ಇರಬೇಕು ಅಂತ ಅವರೇ ಹೇಳಬೇಕು.

ಈ ಒಂದು ವಾರದ ಲೆಕ್ಕ ನಮ್ಮ ಮನೆಯಲ್ಲಿ ಎರಡು ಸಂಗತಿ ತೋರಿಸಿಕೊಟ್ಟಿತು. ಅಮ್ಮನಿಗೆ ಆಸ್ಪತ್ರೆ ಬಾಗಿಲು ಕಂಡರೆ ಸಾಕು ಬಿಪಿ ಏರುತ್ತದೆ, ಅಲ್ಲಿ ನೂರೈವತ್ತು ದಾಟಿದರೆ ಮನೆಯಲ್ಲಿ 130ರ ಒಳಗೆ. ಪುಸ್ತಕ ನೋಡಿದ ಡಾಕ್ಟರ್ "ಅಮ್ಮಾ, ನಿಮಗೆ ಮಾತ್ರೆ ಜಾಸ್ತಿ ಮಾಡೋದು ಬೇಡ, ಹೀಗೇ ಮುಂದುವರಿಸಿ" ಅಂದರು. ಈ ಲೆಕ್ಕ ಇಲ್ಲದಿದ್ದರೆ ಇನ್ನೊಂದು ಮಾತ್ರೆ ಸೇರಿ, ಮನೆಯಲ್ಲಿ ಬಿಪಿ ತೀರ ಇಳಿದು, ಎದ್ದು ನಿಂತಾಗ ಕಣ್ಣು ಕತ್ತಲೆ ಬಂದು ಬೀಳುತ್ತಿದ್ದರೋ ಏನೋ. ಅಪ್ಪನದ್ದು ಉಲ್ಟಾ. ಆಸ್ಪತ್ರೆಗೆ ಹೋಗುವುದು ಬೆಳಿಗ್ಗೆ ಮಾತ್ರೆ ನುಂಗಿ ಹನ್ನೊಂದು ಗಂಟೆಗೆ, ಅಲ್ಲಿ ಎಲ್ಲ ಸರಿ. ಆದರೆ ಮನೆಯಲ್ಲಿ ಮಾತ್ರೆಗೆ ಮುಂಚೆ ನೋಡಿದರೆ ದಿನವೂ ಜಾಸ್ತಿ. ಸ್ಟೆಂಟ್ ಇರುವವರಿಗೆ ಬೆಳಗಿನ ಹೊತ್ತು ಅಷ್ಟು ಒತ್ತಡ ಇರುವುದು ಒಳ್ಳೆಯದಲ್ಲ ಅಂತ ಅವರ ಮಾತ್ರೆ ಬದಲಾಯಿಸಿದರು. ಇದೊಂದೇ ಸಾಕು ನನಗೆ, ಮೆಷಿನ್ನಿಗೆ ಕೊಟ್ಟ ದುಡ್ಡು ಬಂದ ಹಾಗಾಯಿತು.

ವಯಸ್ಸಾದವರಿಗೆ ಆಗಾಗ ನಿಂತೂ ನೋಡಬೇಕು. ಕೂತಾಗ ನೋಡಿ, ಎದ್ದು ನಿಂತು ಒಂದರಿಂದ ಮೂರು ನಿಮಿಷದೊಳಗೆ ಮತ್ತೆ ನೋಡಿ. ಮೇಲಿನ ನಂಬರ್ 20 ಅಥವಾ ಕೆಳಗಿನದು 10 ಇಳಿದರೆ ಡಾಕ್ಟರಿಗೆ ಹೇಳಿ. ಪ್ರಾಸ್ಟೇಟ್ ಮಾತ್ರೆ ತೆಗೆದುಕೊಳ್ಳುವ ಗಂಡಸರಲ್ಲಿ, ಸಕ್ಕರೆ ಕಾಯಿಲೆ ಹಳೆಯದಾದವರಲ್ಲಿ ಇದು ಜಾಸ್ತಿ. ರಾತ್ರಿ ಬಚ್ಚಲಿಗೆ ಎದ್ದಾಗ ಬೀಳುವುದಕ್ಕೆ ಎಷ್ಟೋ ಸಲ ಇದೇ ಕಾರಣ.

ಮಾತ್ರೆಗಳ ಬಗ್ಗೆ ಒಂದು ಮಾತು. ನಂಬರ್ ಸರಿ ಬಂತು ಅಂತ ಮಾತ್ರೆ ಬಿಡುವವರು ತುಂಬ ಜನ. ಸರಿ ಬಂದಿದ್ದು ಮಾತ್ರೆಯಿಂದಲೇ ಅಲ್ವಾ? ಬಿಟ್ಟರೆ ಮತ್ತೆ ಏರುತ್ತದೆ. ಅಟೆನೊಲಾಲ್, ಮೆಟೊಪ್ರೊಲಾಲ್ ತರಹದ್ದನ್ನು ಇದ್ದಕ್ಕಿದ್ದಂತೆ ನಿಲ್ಲಿಸಿದರೆ ಹೃದ್ರೋಗ ಇರುವವರಿಗೆ ಎದೆನೋವು ಮರುಕಳಿಸುವ ಅಪಾಯವೂ ಇದೆ. ತೊಂದರೆಯಾದರೆ ಡಾಕ್ಟರಿಗೆ ಹೇಳಿ ಬದಲಾಯಿಸಿಕೊಳ್ಳಬಹುದು. ಆಮ್ಲೊಡಿಪಿನ್‌ನಿಂದ ಕೆಲವರಿಗೆ ಪಾದ ಊದಿಕೊಳ್ಳುತ್ತದೆ, ರಾಮಿಪ್ರಿಲ್, ಎನಾಲಾಪ್ರಿಲ್‌ನಿಂದ ಒಣಕೆಮ್ಮು ಬರುತ್ತದೆ. ಕೆಮ್ಮಿಗೆ ತಿಂಗಳುಗಟ್ಟಲೆ ಕಷಾಯ ಕುಡಿಯುವ ಬದಲು ಒಂದು ಫೋನ್ ಮಾಡಿ. ಇನ್ನೊಂದು, ಮಂಡಿನೋವಿಗೆ ಅಂಗಡಿಯಿಂದ ತಂದು ನುಂಗುವ ಡೈಕ್ಲೊಫೆನಾಕ್, ಐಬುಪ್ರೊಫೆನ್ ಬಿಪಿ ಏರಿಸುತ್ತವೆ, ಕಿಡ್ನಿಗೂ ಕೆಟ್ಟದ್ದು. ಬಿಪಿ ಯಾಕೋ ಹತೋಟಿಗೇ ಬರುತ್ತಿಲ್ಲ ಅನ್ನುವವರು ಮೊದಲು ಇದನ್ನು ನೋಡಿಕೊಳ್ಳಿ. ದುಡ್ಡಿನ ತೊಂದರೆಯಿಂದ ಮಾತ್ರೆ ಬಿಡುವವರಿಗೆ ಜನೌಷಧಿ ಕೇಂದ್ರಗಳಲ್ಲಿ ಈ ಮಾತ್ರೆಗಳೇ ಬಹಳ ಕಡಿಮೆಗೆ ಸಿಗುತ್ತವೆ, ಸರ್ಕಾರಿ ಆಸ್ಪತ್ರೆಗಳಲ್ಲಿ ಪುಕ್ಕಟೆ ಕೊಡುತ್ತಾರೆ.

ಮೆಷಿನ್ನಿನಲ್ಲಿ ಇನ್ನೊಂದು ಗುರುತು ಇದೆ, ಬಡಿತ ಏರುಪೇರಾದರೆ ಅದನ್ನು ತಿಳಿಸುವ ಹೃದಯದ ಚಿತ್ರ ಬರುತ್ತದೆ. ನಮ್ಮ ಚಿಕ್ಕಮ್ಮ ಬಂದಾಗ ಅವರಿಗೂ ನೋಡೋಣ ಅಂತ ಕಟ್ಟಿದರೆ ಆ ಚಿತ್ರ ಬಂತು. ಅಲ್ಲಾಡಿದರೇನೋ ಅಂತ ಐದು ನಿಮಿಷ ಕೂರಿಸಿ ನೋಡಿದರೂ ಬಂತು. ಇಸಿಜಿ ಮಾಡಿಸಿದಾಗ ಗೊತ್ತಾಗಿದ್ದು ಏಟ್ರಿಯಲ್ ಫಿಬ್ರಿಲೇಶನ್. ಹೃದಯದ ಮೇಲಿನ ಕೋಣೆಗಳು ಲಯ ತಪ್ಪಿ ಬರೀ ಅದುರುತ್ತಿರುತ್ತವೆ, ಅಲ್ಲಿ ರಕ್ತ ನಿಂತು ಹೆಪ್ಪುಗಟ್ಟುತ್ತದೆ, ಆ ಹೆಪ್ಪು ಮೆದುಳಿಗೆ ಹೋದರೆ ಸ್ಟ್ರೋಕ್. ಎಕೋ, ಅಂದರೆ ಹೃದಯದ ಸ್ಕ್ಯಾನ್ ಮಾಡಿದಾಗ ಕವಾಟ ಕಿರಿದಾಗಿರುವುದೂ ಕಂಡಿತು. ಚಿಕ್ಕಂದಿನಲ್ಲಿ ಗಂಟಲು ನೋವಿನ ಹಿಂದೆ ಬರುವ ರುಮ್ಯಾಟಿಕ್ ಜ್ವರ ಕವಾಟಕ್ಕೆ ಮಾಡಿದ ಹಾನಿ ಹೀಗೆ ಎಷ್ಟೋ ವರ್ಷ ಬಿಟ್ಟು ಕಾಣಿಸಿಕೊಳ್ಳುತ್ತದೆ. ಈಗ ಅವರು ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ತೆಗೆದುಕೊಳ್ಳುತ್ತಾರೆ, ರಕ್ತ ಹೆಪ್ಪುಗಟ್ಟಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ನೋಡುವ ಐಎನ್‌ಆರ್ ಪರೀಕ್ಷೆ ಆಗಾಗ ಮಾಡಿಸುತ್ತಾರೆ. ಹಾಗಂತ ಆ ಚಿತ್ರ ಬಂದ ತಕ್ಷಣ ಗಾಬರಿಯಾಗಬೇಡಿ. ಅಲ್ಲಾಡಿದರೂ ಬರುತ್ತದೆ, ಆಗೊಂದು ಈಗೊಂದು ಬಡಿತ ಹೆಚ್ಚು ಬಂದರೂ ಬರುತ್ತದೆ. ಮತ್ತೆ ಮತ್ತೆ ಬಂದರೆ ಇಸಿಜಿ ಮಾಡಿಸಿ. ಬಂದಿಲ್ಲ ಅಂದರೆ ಬಡಿತ ಸರಿಯಿದೆ ಅಂತಲೂ ತಿಳಿಯಬೇಡಿ, ಇದು ಇಸಿಜಿ ಅಲ್ಲ.

ಎಲ್ಲಕ್ಕಿಂತ ಮುಖ್ಯವಾದ ಮಾತು ಈಗ ಹೇಳುತ್ತೇನೆ, ಉಳಿದಿದ್ದು ಮರೆತರೂ ಇದನ್ನು ಮರೆಯಬೇಡಿ. ಎದೆನೋವು ಬಂದಾಗ ಬಿಪಿ ಮೆಷಿನ್ ಹುಡುಕಬೇಡಿ. ಹಾರ್ಟ್ ಅಟ್ಯಾಕ್ ಆಗುತ್ತಿರುವಾಗಲೂ ಬಿಪಿ 120/80 ಇರಬಹುದು! "ಬಿಪಿ ನಾರ್ಮಲ್ ಇದೆ, ಗ್ಯಾಸ್ ಇರಬೇಕು" ಅಂತ ಸೋಡಾ ಕುಡಿದು ಮಲಗಿದವರ ಸುದ್ದಿ ನಮ್ಮ ಸುತ್ತಮುತ್ತ ಎಷ್ಟು ಕೇಳಿಲ್ಲ. ಎದೆ ಮೇಲೆ ಭಾರ ಹೇರಿದ ಹಾಗೆ, ಹಿಂಡಿದ ಹಾಗೆ ಆಗುವುದು, ಅದು ಎಡಗೈಗೋ ದವಡೆಗೋ ಬೆನ್ನಿಗೋ ಹಬ್ಬುವುದು, ತಣ್ಣನೆ ಬೆವರು, ವಾಂತಿ ಬಂದ ಹಾಗಾಗುವುದು. ಹೆಂಗಸರಿಗೆ, ಸಕ್ಕರೆ ಕಾಯಿಲೆಯವರಿಗೆ, ವಯಸ್ಸಾದವರಿಗೆ ಎದೆನೋವೇ ಇಲ್ಲದೆ ಬರೀ ಉಬ್ಬಸ, ವಿಪರೀತ ಸುಸ್ತು ಇರಬಹುದು. ಇಂಥದ್ದು ಕಂಡರೆ 108ಕ್ಕೆ ಫೋನ್ ಮಾಡಿ, ಇಸಿಜಿ ಇರುವ ಹತ್ತಿರದ ಆಸ್ಪತ್ರೆಗೆ ಹೋಗಿ. ತಾವೇ ಬೈಕ್ ಓಡಿಸಿಕೊಂಡು ಹೋಗಬೇಡಿ. ಮನೆಯಲ್ಲಿರುವ ಸಾರ್ಬಿಟ್ರೇಟ್ ಅನ್ನು ಯಾರಿಗೆಂದರೆ ಅವರಿಗೆ ನಾಲಿಗೆ ಕೆಳಗೆ ಇಡಬೇಡಿ, ಅದು ಬಿಪಿಯನ್ನು ಥಟ್ಟನೆ ಇಳಿಸುತ್ತದೆ, ಡಾಕ್ಟರ್ ಬರೆದುಕೊಟ್ಟವರಿಗೆ ಮಾತ್ರ ಅದು.

ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ಹೋದಾಗ ಅವರಿಗೆ 46 ವರ್ಷ. ಆಗ ರಾಜ್ಯದ ಆಸ್ಪತ್ರೆಗಳ ಮುಂದೆ ಹೃದಯ ತಪಾಸಣೆಗೆ ನಿಂತ ಜನ ಎಲ್ಲರಿಗೂ ನೆನಪಿದೆ. ಅವರ ಹೆಸರಿನಲ್ಲೇ ರಾಜ್ಯ ಸರ್ಕಾರ ಹೃದಯ ಜ್ಯೋತಿ ಯೋಜನೆ ತಂದಿದೆ. ಯೋಜನೆಗೆ ಸೇರಿದ ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಜಯದೇವದಂಥ ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸಿ, ಅಟ್ಯಾಕ್ ಅಂತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅನ್ನು ಅಲ್ಲೇ ಪುಕ್ಕಟೆ ಕೊಡುವ ವ್ಯವಸ್ಥೆ. ಆಮೇಲೆ ಆಂಜಿಯೋಗ್ರಾಮ್‌ಗೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ. ಇದು ಕೆಲಸ ಮಾಡುವುದು ಮೊದಲ ಕೆಲವು ಗಂಟೆಗಳಲ್ಲಿ, ಬೇಗ ಕೊಟ್ಟಷ್ಟೂ ಹೃದಯದ ಮಾಂಸ ಉಳಿಯುತ್ತದೆ. ಮಲೆನಾಡಿನಂಥ ಕಡೆ, ದೊಡ್ಡ ಆಸ್ಪತ್ರೆಗೆ ಗಂಟೆಗಟ್ಟಲೆ ದಾರಿ ಇರುವಾಗ, ಇದರ ಬೆಲೆ ಎಷ್ಟು ಅಂತ ಇಲ್ಲಿ ಇರುವವರಿಗೇ ಗೊತ್ತು. ನಿಮ್ಮ ಹತ್ತಿರದ ಯಾವ ಆಸ್ಪತ್ರೆಯಲ್ಲಿ ಈ ಸೌಲಭ್ಯ ಇದೆ ಅಂತ ಇವತ್ತೇ ವಿಚಾರಿಸಿ ಇಟ್ಟುಕೊಳ್ಳಿ, ನೋವು ಬಂದ ರಾತ್ರಿ ಅಲ್ಲ.

ಹಾಗೇ ಮೆಷಿನ್ 180/120 ತೋರಿಸಿದರೆ? ಜೊತೆಗೆ ಎದೆನೋವು, ಉಬ್ಬಸ, ಕೈಕಾಲು ಸೋತು ಬರುವುದು, ಮಾತು ತೊದಲುವುದು, ಕಣ್ಣು ಮಂಜಾಗುವುದು ಇದ್ದರೆ ನೇರ ಆಸ್ಪತ್ರೆಗೆ. ಏನೂ ಇಲ್ಲದಿದ್ದರೆ ಐದು ನಿಮಿಷ ಕೂತು ಮತ್ತೆ ನೋಡಿ. ಆಗಲೂ ಅಷ್ಟೇ ಇದ್ದರೆ ಅವತ್ತೇ ಡಾಕ್ಟರಿಗೆ ಫೋನ್ ಮಾಡಿ. ಬೇಗ ಇಳಿಸಬೇಕು ಅಂತ ಮಾತ್ರೆ ಮೇಲೆ ಮಾತ್ರೆ ನುಂಗುವುದು ಅಪಾಯ.

ಊಟದ ವಿಷಯ ಮೆಷಿನ್ ವಿಮರ್ಶೆಯಲ್ಲಿ ಯಾಕೆ ಅನ್ನಬೇಡಿ, ಮೆಷಿನ್ ಬಂದ ಮೇಲೇ ನಮ್ಮನೆ ಊಟ ಬದಲಾಗಿದ್ದು. ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಟೀ ಚಮಚದೊಳಗೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಸಾರು, ಪಲ್ಯ, ತಂಬುಳಿ, ಎಲ್ಲದರಲ್ಲೂ ಇರುವುದನ್ನು ಸೇರಿಸಿ. ನಮ್ಮ ಕಡೆ ಅಪ್ಪೆಮಿಡಿ ಉಪ್ಪಿನಕಾಯಿ ಇಲ್ಲದೆ ಮೊಸರನ್ನ ಇಳಿಯುವುದಿಲ್ಲ. ಆ ಮಿಡಿಯನ್ನು ಮೊದಲು ಉಪ್ಪಿನಲ್ಲೇ ಹಾಕಿಟ್ಟು ಮುರುಟಿಸುವುದು, ಅದರ ರಸವೇ ಉಪ್ಪು. ಅಪ್ಪನಿಗೆ ಅದು ಬೇಡ ಅಂತ ಬಾಯಲ್ಲಿ ಹೇಳಿದರೆ ಕೇಳಲಿಲ್ಲ. ಕೆಲವು ವಾರ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಕಡಿಮೆ ಮಾಡಿದಾಗ ಪುಸ್ತಕದಲ್ಲಿ ಅವರೇ ಬರೆದ ನಂಬರ್ ಇಳಿಯುತ್ತಾ ಬಂತು, ಆಗ ಒಪ್ಪಿದರು. ಈಗ ಹಬ್ಬಕ್ಕೆ ಅರ್ಧ ಮಿಡಿ. ಮಜ್ಜಿಗೆಗೆ ಉಪ್ಪಿನ ಬದಲು ಶುಂಠಿ, ಕರಿಬೇವು, ನಿಂಬೆರಸ. ಗ್ಯಾಸ್‌ಗೆಂದು ನೀರಿಗೆ ಹಾಕಿ ನೊರೆ ಬರಿಸಿ ಕುಡಿಯುವ ಪುಡಿಯಲ್ಲೂ ಸೋಡಿಯಂ ಇದೆ, ಅದನ್ನೂ ಬಿಡಿಸಿದೆವು. ಸೋಡಿಯಂ ಕಡಿಮೆ ಇರುವ ಪೊಟ್ಯಾಸಿಯಂ ಉಪ್ಪು ಅಂಗಡಿಯಲ್ಲಿ ಸಿಗುತ್ತದೆ, ಹಲವರಿಗೆ ಒಳ್ಳೆಯದೇ. ಆದರೆ ಕಿಡ್ನಿ ತೊಂದರೆ ಇರುವವರು, ಟೆಲ್ಮಿಸಾರ್ಟಾನ್ ಅಥವಾ ಸ್ಪೈರೊನೊಲ್ಯಾಕ್ಟೋನ್ ತೆಗೆದುಕೊಳ್ಳುವವರು ಡಾಕ್ಟರನ್ನು ಕೇಳದೆ ಮುಟ್ಟಬಾರದು, ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯದ ಲಯವೇ ತಪ್ಪುತ್ತದೆ. ನಡಿಗೆ, ತೂಕ, ಹೊಗೆಸೊಪ್ಪು ಬಿಡುವುದು ಎಲ್ಲರಿಗೂ ಗೊತ್ತಿರುವುದೇ, ಗೊತ್ತಿದ್ದೂ ಮಾಡದೇ ಇರುವುದೂ ಅದೇ.

ಅತಿಯಾಗಿ ನೋಡಿಕೊಳ್ಳುವುದೂ ಕಾಯಿಲೆಯೇ. ಅಮ್ಮ ಶುರುವಿನಲ್ಲಿ ಗಂಟೆಗೊಮ್ಮೆ ಪಟ್ಟಿ ಸುತ್ತಿಕೊಳ್ಳುತ್ತಿದ್ದರು. ಒಂದು ನಂಬರ್ ಜಾಸ್ತಿ ಬಂದರೆ ಹೆದರಿಕೆ, ಹೆದರಿಕೆಗೆ ಇನ್ನೂ ಜಾಸ್ತಿ. ಬಿಪಿ ದಿನವಿಡೀ ಏರಿಳಿಯುವುದು ಸಹಜ. ಹತೋಟಿಯಲ್ಲಿ ಇರುವವರಿಗೆ ಡಾಕ್ಟರ್ ಹೇಳಿದಷ್ಟು ದಿನ ನೋಡಿದರೆ ಸಾಕು, ಉಳಿದ ದಿನ ಡಬ್ಬಿಯೊಳಗೆ ಇರಲಿ. ಇಂಥ ಹೆದರಿಕೆಯ ಸ್ವಭಾವದವರಿದ್ದರೆ ಮೆಷಿನ್ ಮನೆಯ ಇನ್ನೊಬ್ಬರ ಕೈಯಲ್ಲಿರಬೇಕು.

ಕೊಳ್ಳುವಾಗ ಇಷ್ಟು ನೋಡಿ. ಬಿಲ್ ಮತ್ತು ವಾರಂಟಿ ಕಾರ್ಡಿಗೆ ಅಂಗಡಿಯ ಮೊಹರು ಇರಲಿ. ಬೇರೆ ಕಂಪನಿಯದ್ದು ತೆಗೆದುಕೊಳ್ಳುವುದಾದರೂ ತೊಂದರೆ ಇಲ್ಲ, ಆದರೆ ಅದರ ನಿಖರತೆ ಪರೀಕ್ಷೆ ಆಗಿದೆಯಾ ಅಂತ ನೋಡಿ. ಸ್ಟ್ರೈಡ್ ಬಿಪಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ ಜಾಲತಾಣದಲ್ಲಿ ಪರೀಕ್ಷೆ ಆದ ಮೆಷಿನ್‌ಗಳ ಪಟ್ಟಿ ಇದೆ, ಮಾದರಿ ಸಂಖ್ಯೆ ಹುಡುಕಿದರೆ ಸಿಗುತ್ತದೆ. ಸೆಲ್ ಸೋತರೆ ಮೆಷಿನ್ನೇ ಗುರುತು ತೋರಿಸುತ್ತದೆ, ಮಳೆಗಾಲದಲ್ಲಿ ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ, ನಮ್ಮ ಕಡೆಯ ಥಂಡಿಗೆ ಸೆಲ್ ಸೋರಿ ಸ್ಪ್ರಿಂಗ್ ತುಕ್ಕು ಹಿಡಿಯುತ್ತದೆ. ಕೊಳವೆಯನ್ನು ಮೆಷಿನ್ನಿಗೆ ಬಿಗಿಯಾಗಿ ಸುತ್ತಿಡಬೇಡಿ, ಬಿರುಕು ಬಿಟ್ಟರೆ ಗಾಳಿ ನಿಲ್ಲುವುದಿಲ್ಲ. ವರ್ಷಕ್ಕೊಮ್ಮೆ ಮೆಷಿನ್ನನ್ನೇ ಆಸ್ಪತ್ರೆಗೆ ಒಯ್ದು, ಅವರು ನೋಡಿದ ಬೆನ್ನಿಗೇ ಅದೇ ತೋಳಿಗೆ ಇದನ್ನೂ ಕಟ್ಟಿ ಹೋಲಿಸಿ ನೋಡಿ. ನಮ್ಮದು ಇಲ್ಲಿಯವರೆಗೆ ನಾಲ್ಕೈದು ಪಾಯಿಂಟಿನೊಳಗೇ ಇದೆ, ಅಷ್ಟು ವ್ಯತ್ಯಾಸ ಪರವಾಗಿಲ್ಲ ಅಂದಿದ್ದಾರೆ ಡಾಕ್ಟರ್. ಗರ್ಭಿಣಿಯರಿಗೆ ಬಳಸುವುದಾದರೆ ಅದಕ್ಕೆಂದೇ ಪರೀಕ್ಷೆ ಆದ ಮಾದರಿ ಯಾವುದು ಅಂತ ಡಾಕ್ಟರನ್ನು ಕೇಳಿಯೇ ಕೊಳ್ಳಿ. ಅಂಗಡಿಯಲ್ಲಿ ದೊಡ್ಡ ಪಟ್ಟಿ ಸ್ಟಾಕ್ ಇಲ್ಲ ಅಂದರೆ ಸಿಕ್ಕಿದ್ದನ್ನು ತೆಗೆದುಕೊಂಡು ಬರಬೇಡಿ, ತರಿಸಿ ಕೊಡಿ ಅಂತ ಹೇಳಿ ಬನ್ನಿ.